ಅರ್ಧ ಗಂಟೆ ಕಾಯಿರಿ

ಗಾರ್ಮೆಂಟ್ಸ್ ಫ್ಯಾಕ್ಟರಿಯ ಸೂಪರ್‌ವೈಸರ್ ಮೊಬೈಲನ್ನು ಟೇಬಲ್ ಮೇಲೆ ಕುಕ್ಕಿದ. ಹೊಲಿಗೆ ಮಷೀನಿನಿಂದ ಎದ್ದು ಬಂದಿದ್ದ ಹೆಂಗಸು ಎದುರಿಗೆ ನಿಂತಿದ್ದಳು.

"ಐದು ಸಲ ಆಡಿದ್ರೆ ಎನರ್ಜಿ ಖಾಲಿಯಂತೆ. ಅರ್ಧ ಗಂಟೆ ಕಾಯ್ಬೇಕು, ಇಲ್ಲಾಂದ್ರೆ ದುಡ್ಡು ಬಿಚ್ಬೇಕು. ಫ್ರೀ ಗೇಮ್ ಅಂತ ಕರೆದು ಹಿಂಗಾ ಗೋಳು ಹುಯ್ಕೊಳ್ಳೋದು? ನೀನೇ ಹೇಳು, ಇದು ನ್ಯಾಯಾನಾ?"

"ಅಲ್ಲ ಸಾರ್."

"ನಾನು ಎಷ್ಟು ಸಲ ಆಡ್ಬೇಕು ಅಂತ ಹೇಳೋಕೆ ಇವರು ಯಾರು? ಮನುಷ್ಯರನ್ನ ಏನಂದ್ಕೊಂಡಿದಾರೆ ಈ ನನ್ಮಕ್ಳು?"

ಅವಳು ಕಾಲುಗಳನ್ನು ಬಿಗಿಯಾಗಿ ಜೋಡಿಸಿಕೊಂಡು ನಿಂತಳು.

"ಸಾರ್, ಟಾಯ್ಲೆಟ್‌ಗೆ ಹೋಗ್ಬೇಕು. ಟೋಕನ್ ಕೊಡಿ."

ಅವನು ರಿಜಿಸ್ಟರ್ ತೆರೆದು ಅವಳ ಹೆಸರಿನ ಮುಂದೆ ಬೆರಳಿಟ್ಟ.

"ಆಗ್ಲೇ ಎರಡು ಸಲ ಹೋಗಿದೀಯ. ಇವತ್ತಿನ ಕೋಟಾ ಮುಗೀತು, ಹೋಗಿ ಕೂತ್ಕೋ."