ಏಳನೆಯ ಹೆಸರು

ತಲಾಸ್ ಊರಿನಲ್ಲಿ ಕುರಿಯ ತಲೆ ಮಾರುವ ವ್ಯಾಪಾರಿಯೊಬ್ಬ ಬರೆದ ದೂರನ್ನು ನಿರ್ದೇಶಕಿ ಬುರ್ಮಾಕಾನ್ ಮೇಜಿನ ಮೇಲಿಟ್ಟು, ಎದುರಿಗಿದ್ದ ಇಬ್ಬರ ಮುಖವನ್ನೂ ನೋಡಿದರು. ದೇಶದಲ್ಲಿ ಎಲ್ಲಿ ಕರೆಂಟು ಹೋದರೂ ಜನ ತನಗೇ ಫೋನು ಮಾಡುತ್ತಾರೆ, ತಾನು ಕೊಡಬಲ್ಲದ್ದು ಸುಟ್ಟ ಕುರಿತಲೆಯೇ ಹೊರತು ಕರೆಂಟಲ್ಲ ಎಂದು ಅವನು ಬರೆದಿದ್ದ. ವಿದ್ಯುತ್ ಮಂಡಳಿಯ ಜಾಲತಾಣದಲ್ಲಿ ದೂರಿಗೆಂದು ಕೊಟ್ಟಿದ್ದ ನಂಬರು ಅವನ ಅಂಗಡಿಯದು.

ಆ ಇಬ್ಬರಲ್ಲಿ ಒಬ್ಬಳು ಸಾಯ್ರಾಗುಲ್, ಜಾಲತಾಣ ನೋಡಿಕೊಳ್ಳುವವಳು. ಮೂವತ್ತೆಂಟು ಜಿಲ್ಲಾ ಕಚೇರಿಗಳು ಮನಬಂದಂತೆ ನಡೆಸುತ್ತಿದ್ದ ಮೂವತ್ತೆಂಟು ಜಾಲತಾಣಗಳನ್ನು ಒಂದೇ ಸೂರಿನಡಿ ತಂದವಳು ಅವಳು. ಎರಡು ವರ್ಷದ ದುಡಿಮೆ. ಜನರಿಗೆ ತೆರೆದು ಇನ್ನೂ ವಾರವಾಗಿತ್ತಷ್ಟೇ. ಅದನ್ನು ಮುಚ್ಚಿ ಹಳೆಯದಕ್ಕೇ ಮರಳುವ ಆದೇಶವನ್ನು ಪ್ರಚಾರ ವಿಭಾಗದ ಟೊಲ್ಕುನ್‌ಬೆಕ್ ಬರೆದೇ ತಂದಿದ್ದ. ಸಹಿಯೊಂದು ಬಾಕಿ.

ಕಚೇರಿಗೆ ಯಾರೇ ಹೊಸಬರು ಬರಲಿ, ಅಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುವ ಏಳು ತಲೆಮಾರಿನ ತಂದೆಯರ ಹೆಸರು ಹೇಳಿಸದೆ ಟೊಲ್ಕುನ್‌ಬೆಕ್ ಬಿಡುತ್ತಿರಲಿಲ್ಲ. ತನ್ನ ಏಳನ್ನು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದ. ಓಶ್‌ನ ಅನಾಥಾಲಯದಲ್ಲಿ ಬೆಳೆದ ಸಾಯ್ರಾಗುಲ್‌ಗೆ ಒಂದೂ ಹೇಳಲಾಗಿರಲಿಲ್ಲ. ಅದನ್ನು ಅವನು ಮರೆತಿರಲೂ ಇಲ್ಲ.

“ತಮ್ಮಪ್ಪ ಯಾರಂತ ಗೊತ್ತಿಲ್ಲದೋರ ಕೈಗೆ ಕೊಟ್ರೆ ಹೀಗೇ ಆಗೋದು, ಮೇಡಂ,” ಎಂದ. “ಹಿಂದೆ ಯಾವತ್ತಾದ್ರೂ ಇಂಥ ದೂರು ಬಂದಿತ್ತಾ?”

“ಹಿಂದೆ ದೂರು ಬರೆಯೋಕೆ ಜಾಗಾನೇ ಇರ್ಲಿಲ್ಲ, ಬಾಯ್ಕೆ,” ಎಂದಳು ಸಾಯ್ರಾಗುಲ್. ಕಚೇರಿಯಲ್ಲಿ ಎಲ್ಲರೂ ಅವನನ್ನು ಕರೆಯುವುದು ಹಾಗೆಯೇ, ದೊಡ್ಡಣ್ಣನೆಂದು.

ಮೊದಲು ಅವಳು ನಂಬರನ್ನು ಒಂದು ಕಡೆ ತಿದ್ದಿದಳು. ನಿರ್ದೇಶಕಿ ತಮ್ಮ ಮೊಬೈಲಿನಲ್ಲಿ ನರಿನ್ ಜಿಲ್ಲೆಯ ಪುಟ ತೆರೆದರು, ಬಾತ್ಕೆನ್ ತೆರೆದರು, ಓಶ್ ತೆರೆದರು. ಬಾಯಲ್ಲಿಟ್ಟ ಸಕ್ಕರೆ ಹರಳು ಕರಗುವಷ್ಟರಲ್ಲಿ ಮೂವತ್ತೆಂಟರಲ್ಲೂ ನಂಬರು ಸರಿಯಾಗಿತ್ತು. ಮುಂಚೆ ಇಷ್ಟಕ್ಕೇ ಮೂವತ್ತೆಂಟು ಸುತ್ತೋಲೆ ಹೋಗಬೇಕಿತ್ತು, ಓದುವವರು ಮೂವರು ಎಂದು ಅವರು ಗೊಣಗಿದರು.

“ತಿದ್ದಿದ್ದು ಸರಿ. ಆ ತಪ್ಪು ಎಲ್ಲಿ ಹುಟ್ಟಿತು? ಅದರಪ್ಪ ಯಾರು?” ಟೊಲ್ಕುನ್‌ಬೆಕ್ ಪಟ್ಟು ಬಿಡಲಿಲ್ಲ.

ಸಾಯ್ರಾಗುಲ್ ಪರದೆಯನ್ನು ಅವನ ಕಡೆ ತಿರುಗಿಸಿದಳು. ಹಳೆಯದನ್ನು ತರುವಾಗ ಅವಳು ಏನನ್ನೂ ಎಸೆದಿರಲಿಲ್ಲ. ಯಾವ ಪುಟ ಯಾರು ಬರೆದದ್ದು, ಯಾರದನ್ನು ನೋಡಿ ನಕಲು ಮಾಡಿದ್ದು, ಯಾವಾಗ ಮಾಡಿದ್ದು, ಎಲ್ಲವೂ ಪ್ರತಿ ಪುಟದ ಬೆನ್ನಿಗಿತ್ತು.

“ಇದಕ್ಕೂ ಏಳು ತಲೆಮಾರಿದೆ, ಬಾಯ್ಕೆ. ಜೋರಾಗಿ ಓದಿ. ಮಕ್ಕಳಿಗೆ ಹಾಗೇ ತಾನೆ ಕಲಿಸೋದು?”

ಅವನು ಗಂಟಲು ಸರಿಮಾಡಿಕೊಂಡು ಓದಿದ. ನರಿನ್‌ನ ಕುಬಾನ್ ಬಾತ್ಕೆನ್‌ನ ಎಸೆನ್‌ನದನ್ನು ನೋಡಿ ಬರೆದಿದ್ದ; ಎಸೆನ್ ಓಶ್‌ನವರದನ್ನು ನೋಡಿ. ಬೇರೆ ಜಿಲ್ಲೆಯದನ್ನು ಕಣ್ಣುಮುಚ್ಚಿ ಎತ್ತಿಕೊಂಡ ಸಾಲು ಅದು. ನಿರ್ದೇಶಕಿ ಬೆರಳು ಮಡಚುತ್ತ ಹೋದರು. ಆರು ಹೆಸರಾದ ಮೇಲೆ ಟೊಲ್ಕುನ್‌ಬೆಕ್ ಕನ್ನಡಕ ತೆಗೆದು ಒರೆಸತೊಡಗಿದ.

“ಏಳನೆಯದು?” ಎಂದರು ನಿರ್ದೇಶಕಿ.

ಅವನು ಒರೆಸುತ್ತಲೇ ಇದ್ದ. ಕೊನೆಗೆ ನಿರ್ದೇಶಕಿಯೇ ಬಗ್ಗಿ ಓದಿದರು: ಪ್ರಧಾನ ಕಚೇರಿ, ಹನ್ನೊಂದು ವರ್ಷದ ಹಿಂದೆ, ಬರೆದವರು ಟೊಲ್ಕುನ್‌ಬೆಕ್.

ಅವರು ಸಹಿಗೆ ಬಂದಿದ್ದ ಆದೇಶವನ್ನು ನಾಲ್ಕಾಗಿ ಮಡಚಿ ಮೇಜಿನ ಮೇಲೆ ಹಾಸಿದರು. ಸಾಯ್ರಾಗುಲ್ ಅದರ ಮೇಲೆ ಬಿಸಿ ಚಹಾದ ಬಟ್ಟಲಿಟ್ಟು ಅವನತ್ತ ಸರಿಸಿದಳು.

“ಚಹಾ ತಗೊಳ್ಳಿ, ಮುತ್ತಜ್ಜ.”