ವಾರಕ್ಕೊಂದು ಇಂಚು

ನಳಿಗೆ ಮತ್ತೆ ಒಂದು ಇಂಚು ಗಿಡ್ಡವಾಗಿತ್ತು.

ಬೀಗದಣ್ಣ ಮೂರು ಸಲ ಅಳೆದ. ಮೊದಲು ಹದಿನಾರು ಇಂಚಿತ್ತು, ಹೋದ ಶನಿವಾರ ಹದಿನೈದು, ಈ ಶನಿವಾರ ಹದಿನಾಲ್ಕು. ತಾನಾಗಿ ಸವೆಯಲು ಹಿತ್ತಾಳೆಯೇನು ಸೀಮೆಸುಣ್ಣವೇ?

"ಕಳ್ಳ!" ಎಂದು ಅವನು ಕೂಗಿದ ಕೂಗಿಗೆ ಎದುರುಮನೆಯ ಗೋಡೆಗಡಿಯಾರ ಐದು ನಿಮಿಷ ಹಿಂದಕ್ಕೆ ಹೋಯಿತು.

ಅದು ಬೆರಳುದ್ದದ ಫೋಮ್ ಡಾರ್ಟ್, ಅಂದರೆ ಸ್ಪಂಜಿನ ಬಾಣ, ಹಾರಿಸುವ ಬ್ಲಾಸ್ಟರ್ ಬಂದೂಕಿನ ನಳಿಗೆ. ಆಟಿಕೆ ಎಂದವರ ಜೊತೆ ಬೀಗದಣ್ಣ ಏಳು ಜನ್ಮ ಮಾತಾಡುವುದಿಲ್ಲ. ಡಾರ್ಟನ್ನು ಗಾಳಿಯಿಂದ ತಳ್ಳುವ ಒಳಗಿನ ಪುಟ್ಟ ಪಂಪಿಗೆ ಸ್ಪ್ರಿಂಗ್ ಅವನೇ ಹಾಕಿದ್ದು. ಅದನ್ನು ಎಳೆಯಲು ಒಂದೋ ಆನೆ ಬೇಕು, ಇಲ್ಲವೇ ಅವನು. ಹಗಲೆಲ್ಲ ಬೀಗ ರಿಪೇರಿ, ಸಂಜೆಯೆಲ್ಲ ಬ್ಲಾಸ್ಟರ್.

ಆದರೂ ಬ್ಯಾಡ್ಮಿಂಟನ್ ಹಾಲ್‌ನಲ್ಲಿ ನಡೆಯುವ ವಾರ್ಷಿಕ ಬ್ಲಾಸ್ಟರ್ ಪಂದ್ಯದಲ್ಲಿ ಮೂರು ವರ್ಷದಿಂದ ಅವನು ಎರಡನೆಯವ. ಮೊದಲನೆಯವರು ಮೇಲಿನ ಮಹಡಿಯ ಹಲ್ಲಿನ ಡಾಕ್ಟರು. ಮೊದಲ ಸಲ ಸೋತ ದಿನವೇ ಊಟದ ಟೇಬಲ್ಲಿನ ಮೇಲೆ ಸಾಮಾನು ಹರಡಿ ಶಪಥ ಮಾಡಿದ್ದ: "ಕಪ್ ಬರೋವರ್ಗೂ ಈ ಟೇಬಲ್ ಖಾಲಿ ಆಗಲ್ಲ!"

ಅಂದಿನಿಂದ ಸ್ಪ್ರಿಂಗು, ಗ್ರೀಸು, ರಬ್ಬರ್ ಉಂಗುರ, ಡಾರ್ಟಿನ ವೇಗ ಅಳೆಯುವ ಮೀಟರು ಟೇಬಲ್ ಹಿಡಿದವು. ಹೆಂಡತಿ ಒಲೆಯ ಪಕ್ಕ ನಿಂತು ಉಣ್ಣುತ್ತಿದ್ದಳು. ಅತ್ತೆ ಬಾಗಿಲ ಮೆಟ್ಟಿಲ ಮೇಲೆ, ಮಂಡಿಯ ಮೇಲೆ ತಟ್ಟೆ.

"ಸಾಯೋದ್ರೊಳಗೆ ಒಂದ್ಸಲ ಕುರ್ಚಿ ಮೇಲೆ ಕೂತು ಉಣ್ತೀನೇನಪ್ಪಾ?"

"ಕಪ್ ಬರ್ಲಿ ಅತ್ತೆ."

"ನಿನ್ನ ಪಂಪು ನೋಡಿದ್ರೆ ಇಷ್ಟೇ ಇಷ್ಟು. ಪೈಪು ಯಾಕಪ್ಪಾ ಅಷ್ಟುದ್ದ?"

ಮೂವತ್ತು ವರ್ಷ ನೀರಿನ ಪಂಪು ರಿಪೇರಿ ಅಂಗಡಿ ನಡೆಸಿದ ಹೆಂಗಸು. ಅವರ ಕಣ್ಣಿಗೆ ಆಕಾಶವೂ ಪಂಪೇ.

"ಇದು ನೀರಲ್ಲ ಅತ್ತೆ, ಗಾಳಿ. ನಳಿಗೆ ಉದ್ದ ಇದ್ದಷ್ಟೂ ಜೋರು. ವಿಜ್ಞಾನ ಇದು, ನಿಮಗೆ ತಿಳಿಯಲ್ಲ."

"ಹಂಗಾ" ಎಂದು ಅತ್ತೆ ಕಿಟಕಿಯತ್ತ ಹೋದರು. ಅಲ್ಲೊಂದು ಗಾಳಿಗಂಟೆ ಕಟ್ಟುವುದು ಅವರ ಹೊಸ ಹುಚ್ಚು. ಮನೆಯಲ್ಲಿ ಒಬ್ಬರಿಗಿದ್ದರೆ ಸಾಲದು.

ಕಳ್ಳ ಯಾರೆಂಬುದು ಬೀಗದಣ್ಣನಿಗೆ ಕ್ಷಣದಲ್ಲೇ ಹೊಳೆಯಿತು. "ಅಂಚು ನೋಡೇ, ಕುಯ್ದು ಎಷ್ಟು ನಯವಾಗಿ ಉಜ್ಜಿದಾರೆ! ಇದು ಹಲ್ಲು ಕೊರೆಯೋ ಕೈ."

"ಡಾಕ್ಟ್ರು ನಮ್ಮನೆ ಒಳಗೆ ಹೆಂಗ್ರೀ ಬರ್ತಾರೆ?" ಎಂದಳು ಹೆಂಡತಿ.

"ಇನ್ಮೇಲೆ ಬರಲ್ಲ ಬಿಡು."

ಬ್ಲಾಸ್ಟರನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಮೂರು ಬೀಗ ಜಡಿದ. ಆ ಬೀಗ ಕಂಡರೆ ಬ್ಯಾಂಕಿನ ತಿಜೋರಿ ನಾಚಿ ಬಾಗಿಲು ತೆರೆದುಬಿಡಬೇಕು. ತಿಂಗಳಿಗೆ ನಾಲ್ಕು ಸಲ ಸ್ವಂತ ಕೀ ಕಳೆಯುವ ಮಹಾನುಭಾವನಾದ್ದರಿಂದ, ಮೂರರ ನಕಲೂ ಎಂದಿನಂತೆ ಅತ್ತೆಯ ಗೊಂಚಲಿಗೆ ಸೇರಿತು.

ಮುಂದಿನ ಶನಿವಾರ ಬೀಗ ಮೂರೂ ಭದ್ರ. ನಳಿಗೆ ಹದಿಮೂರು ಇಂಚು.

"ಹೊಸ ನಳಿಗೆ ಹಾಕ್ಕೊಳ್ಳಿ ಮತ್ತೆ" ಎಂದಳು ಹೆಂಡತಿ.

"ಹಾಕಲ್ಲ! ಈ ಮೊಂಡಲ್ಲೇ ಗೆಲ್ತೀನಿ. ಡಾಕ್ಟ್ರ ಮೂವತ್ತೆರಡೂ ಜುಂ ಅನ್ಬೇಕು."

ಜಂಬ ಬರಿದೇ ಅಲ್ಲ. ಮೊದಲು ಸೆಕೆಂಡಿಗೆ ನೂರಹದಿನೆಂಟು ಅಡಿ ತೋರಿಸುತ್ತಿದ್ದ ಮೀಟರು ಈಗ ನೂರಮೂವತ್ತಮೂರು ತೋರಿಸುತ್ತಿತ್ತು. ಪ್ರತಿ ವಾರ ಬೀಗದಣ್ಣ ಹೊಸ ಗ್ರೀಸು ಬಳಿಯುತ್ತಿದ್ದ. ಪ್ರತಿ ವಾರ ವೇಗ ಏರುತ್ತಿತ್ತು. "ಅವರು ಕುಯ್ದಷ್ಟೂ ನನ್ನ ಗ್ರೀಸು ಎತ್ತುತ್ತೆ!" ಎಂದು ಬೀದಿಯಲ್ಲಿ ಸಾರಿದ. ಕೇಳಿದ ಸೈಕಲ್ ಅಂಗಡಿಯವನು ಅದೇ ಗ್ರೀಸು ಎರಡು ಡಬ್ಬಿ ತರಿಸಿದ.

ಹನ್ನೆರಡು ಇಂಚು. ಹನ್ನೊಂದು. ಮೀಟರು ನೂರನಲವತ್ತೇಳಕ್ಕೆ ಬಂತು. ನೂರೈವತ್ತು ದಾಟಿದರೆ ಪಂದ್ಯದಿಂದ ಹೊರಗೆ.

ಆರನೆಯ ವಾರ ನಳಿಗೆ ಹನ್ನೊಂದರಲ್ಲೇ ನಿಂತಿತು.

"ನೋಡಿದ್ಯಾ, ಹೆದರ್ಕೊಂಡ್ರು" ಎಂದ ಬೀಗದಣ್ಣ.

"ಸಾಕು ಅನ್ನಿಸಿರ್ಬೇಕು" ಎಂದರು ಅತ್ತೆ, ಗಾಳಿಗಂಟೆಯ ದಾರ ಬಿಗಿಯುತ್ತ.

ಪಂದ್ಯದ ದಿನ ಇಪ್ಪತ್ತು ಮೀಟರ್ ಆಚೆ ಹತ್ತು ಕಾಗದದ ಲೋಟ. ಡಾಕ್ಟರು ಒಂಬತ್ತು ಉರುಳಿಸಿದರು. ಬೀಗದಣ್ಣ ಹತ್ತು! ಹತ್ತನೆಯದು ಡಾರ್ಟ್ ಬರುವ ಮೊದಲೇ ಹೆದರಿ ಮಲಗಿತು ಎಂದು ಅವನು ಈಗಲೂ ಹೇಳುತ್ತಾನೆ.

ಆ ಸಂಜೆ ಟೇಬಲ್ ಖಾಲಿಯಾಯಿತು. ಒರೆಸಿದಾಗ ಅದರ ಬಣ್ಣ ಹಸಿರೆಂದು ಹೆಂಡತಿಗೆ ಮತ್ತೆ ನೆನಪಾಯಿತು. ಎಲ್ಲರಿಗಿಂತ ಮೊದಲು ಕುರ್ಚಿ ಎಳೆದು ಕೂತವರು ಅತ್ತೆ. ಡಾಕ್ಟರನ್ನೂ ಊಟಕ್ಕೆ ಕರೆದಿದ್ದ ಬೀಗದಣ್ಣ, ಮರ್ಯಾದೆಗಲ್ಲ, ಮಂಗಳಾರತಿಗೆ. ಕಪ್ಪನ್ನು ಅವರ ತಟ್ಟೆಯ ಮುಂದೆಯೇ ಇಟ್ಟ.

"ಐದು ಇಂಚು ಕುಯ್ದ್ರಲ್ಲಾ ಡಾಕ್ಟ್ರೇ, ಏನು ಬಂತು?"

ಡಾಕ್ಟರ ತುತ್ತು ಬಾಯಿಯ ಹತ್ತಿರವೇ ನಿಂತಿತು. "ನಾನಾ? ನನಗೇನು ತಲೆ ಕೆಟ್ಟಿದ್ಯಾ? ಆ ಉದ್ದ ನಳಿಗೆ ಇರೋವರ್ಗೂ ಕಪ್ ನಂದೇ ಅಂತ ಹಾಯಾಗಿದ್ದೆ! ನಿಮ್ಮ ಬ್ಲಾಸ್ಟರಿನ ಗಾಳಿ ಹನ್ನೊಂದು ಇಂಚಿಗೇ ಮುಗಿಯುತ್ತೆ. ಆಮೇಲಿನ ಐದು ಇಂಚು ಡಾರ್ಟು ಬರೀ ತೆವಳ್ತಿತ್ತು. ಅದನ್ನ ಕರೆಕ್ಟಾಗಿ ಕುಯ್ದೋರು ಯಾರೋ, ಈ ಕಪ್ ಅವರಿಗೆ ಕೊಡಿ."

ಬೀಗದಣ್ಣ ಕಪ್ಪನ್ನು ಮೆಲ್ಲಗೆ ತನ್ನತ್ತ ಎಳೆದುಕೊಂಡ.

"ಉಪ್ಪು ಇತ್ತ ಕೊಡಪ್ಪಾ" ಎಂದರು ಅತ್ತೆ, ಕುರ್ಚಿಗೆ ಹಾಯಾಗಿ ಒರಗಿ.

ಕಿಟಕಿಯಿಂದ ಗಾಳಿ ಬೀಸಿತು. ಗಾಳಿಗಂಟೆ ಕಿಣಿಕಿಣಿ ಎಂದಿತು. ಹಿತ್ತಾಳೆಯ ಐದು ತುಂಡು, ಒಂದೊಂದೂ ಒಂದೊಂದು ಇಂಚು.