ನಡುವಿನ ಹಲಗೆ

ಪಿಸ್ತೂಲು ಮತ್ತೆ ಸಿಕ್ಕಿಕೊಂಡಿತು. ಎರಡು ಗುಂಡು ಸಲೀಸಾಗಿ ಹೋದವು; ಮೂರನೆಯದರ ಖಾಲಿ ಚಿಪ್ಪು ಹೊರಗೆ ಬೀಳದೆ ಪಕ್ಕದ ಕಿಂಡಿಯಲ್ಲೇ ಅಡ್ಡ ನಿಂತಿತು, ಮುಚ್ಚಿಕೊಳ್ಳಲು ಬಂದ ಮೇಲಿನ ಜಾರುಭಾಗ, ಸ್ಲೈಡ್, ಅದನ್ನು ಕಚ್ಚಿ ಹಿಡಿಯಿತು. ತಂಗಿ ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದುಕೊಂಡು ಗುಂಡು ತುಂಬಿದ ಮ್ಯಾಗಜಿನ್ ಕಳಚಿದಳು, ಸ್ಲೈಡ್ ಎಳೆದು ಚಿಪ್ಪನ್ನು ಉದುರಿಸಿದಳು. ಮಧ್ಯಾಹ್ನ ಶೂಟಿಂಗ್ ತಂಡದ ಆಯ್ಕೆ. ಉಳಿದಿರುವುದು ಒಂದೇ ಸ್ಥಾನ, ಅದಕ್ಕೆ ಲೆಕ್ಕಕ್ಕೆ ಬರುವವರು ಇಬ್ಬರೇ: ಅವಳು ಮತ್ತು ಅವಳ ಒಡಹುಟ್ಟಿದ ಅಕ್ಕ. ಪಿಸ್ತೂಲು ಒಂದು ಸಲ ಸಿಕ್ಕಿಕೊಂಡರೆ ಮತ್ತೆ ಹೊಡೆಯಲು ಬಿಡುತ್ತಾರೆ. ಆಮೇಲೂ ಸಿಕ್ಕಿಕೊಂಡರೆ ಹೊಡೆಯದ ಗುಂಡಿಗೆಲ್ಲ ಸೊನ್ನೆ.

"ಸ್ಪ್ರಿಂಗು," ಎಂದರು ಹಿಂದೆ ನಿಂತಿದ್ದ ಸೋದರಮಾವ.

ಕ್ಲಬ್ಬಿನ ಬಂದೂಕು ರಿಪೇರಿ, ರೇಂಜಿನ ಉಸ್ತುವಾರಿ ಎರಡೂ ಅವರದೇ. ಗಡಿಯಾರ ನಿಂತರೂ ಸ್ಪ್ರಿಂಗು, ಬಾಗಿಲು ಕಿರುಗುಟ್ಟಿದರೂ ಸ್ಪ್ರಿಂಗು ಎನ್ನುವ ಮನುಷ್ಯ. ಅವರು ಅತ್ತ ತಿರುಗಿದರೆ ಸಾಕು, ಇಡೀ ಕ್ಲಬ್ಬಿಗೆ ಅವರು ಸ್ಪ್ರಿಂಗ್ ಮಾವ.

"ಮಾವ, ಈ ತಿಂಗಳು ನೀವು ಇದಕ್ಕೆ ಹಾಕಿರೋ ಸ್ಪ್ರಿಂಗಲ್ಲಿ ಒಂದು ಹಾಸಿಗೇನೇ ಮಾಡಬಹುದಿತ್ತು."

"ಹಾಗಾದ್ರೆ ಚಿಪ್ಪು ಎಳೆಯೋ ಕೊಕ್ಕೆ."

"ಅದೂ ಹೊಸದು. ಗುಂಡೂ ಬೇರೆ ಡಬ್ಬೀದು. ನಿಮ್ಮ ರಿಪೇರಿ ಕೋಣೇಲಿ ಹೊಡೆದ್ರೆ ಒಂದೂ ಸಿಕ್ಕಲ್ಲ, ಇಲ್ಲಿಗೆ ಬಂದ್ರೆ ಹಟ ಹಿಡಿಯುತ್ತೆ."

"ಹಾಗಾದ್ರೆ ನೀನೇ ಮಣಿಕಟ್ಟು ಸಡಿಲ ಬಿಡ್ತಿದೀಯ. ಹೆದರಿದೋರು ಹಾಗೇ ಮಾಡೋದು."

ಹೆದರಿಕೆ ಎಂಬ ಮಾತು ಕೇಳಿದ್ದೇ ತಂಗಿಗೆ ಮೈ ಉರಿಯಿತು. ಅವಳು ಪಿಸ್ತೂಲನ್ನು ಮೇಜಿನ ಮೇಲಿಟ್ಟು ಪಕ್ಕಕ್ಕೆ ಸರಿದಳು. "ನಿಮ್ಮ ಮಣಿಕಟ್ಟು ಗಟ್ಟಿ ಇದೆಯಲ್ಲ, ನೀವೇ ಹೊಡೀರಿ."

ಮಾವ ಕಾಲೂರಿ ನಿಂತು, ಪಾಠ ಹೇಳುವವರ ಗತ್ತಿನಲ್ಲಿ ಹೊಡೆದರು. ಎರಡನೆಯ ಗುಂಡಿಗೇ ಸಿಕ್ಕಿಕೊಂಡಿತು. ಸ್ಪ್ರಿಂಗು ಎನ್ನಲು ತೆರೆದ ಬಾಯಿಯನ್ನು ಅವರು ಹಾಗೆಯೇ ಮುಚ್ಚಿಕೊಂಡರು. ತಂಗಿಗೆ ಆಗಲೇ ಅರ್ಧ ಗೆದ್ದಷ್ಟು ಸಂತೋಷ.

"ಅಂದ್ರೆ ತಪ್ಪು ಪಿಸ್ತೂಲಿಂದೂ ಅಲ್ಲ, ನನ್ನ ಕೈದೂ ಅಲ್ಲ. ಈ ಜಾಗದ್ದು," ಎಂದು ಅವಳು ಸುತ್ತ ನೋಡಿದಳು. ಅವಳದು ಮೊದಲನೆಯ ಲೇನ್. ಎಡಕ್ಕೆ ಗೋಡೆ, ಸರಿದು ನಿಲ್ಲಲು ಅಂಗುಲ ಜಾಗವಿಲ್ಲ. ಬಲಕ್ಕೆ ಪ್ಲೈವುಡ್ ಹಲಗೆ, ಅದರಾಚೆ ಅಕ್ಕನ ಲೇನ್. ಹೋದ ತಿಂಗಳು ತಂಗಿಯ ಪಿಸ್ತೂಲಿನಿಂದ ಸಿಡಿದ ಬಿಸಿ ಚಿಪ್ಪೊಂದು ಅಕ್ಕನ ಕಾಲರಿನೊಳಗೆ ಬಿದ್ದು ಕುತ್ತಿಗೆ ಸುಟ್ಟಿತ್ತು. ಅಕ್ಕ ಮನೆಯನ್ನೇ ತಲೆಯ ಮೇಲೆ ಹೊತ್ತುಕೊಂಡು ಕುಣಿದು, ಮರುದಿನವೇ ಮಾವನಿಂದ ಈ ಹಲಗೆ ಹಾಕಿಸಿದ್ದಳು. ತಂಗಿ ಬಗ್ಗಿ ನೋಡಿದಳು. ಹಲಗೆಯ ಮೇಲೆ, ಸರಿಯಾಗಿ ಅವಳ ಕೈಯೆತ್ತರದಲ್ಲಿ, ಉಗುರಿನಿಂದ ಗೀರಿದಂಥ ಹಳದಿ ಗುರುತುಗಳು ಗುಂಪುಗಟ್ಟಿದ್ದವು. ಚಿಪ್ಪಿನ ಹಿತ್ತಾಳೆಯ ಬಣ್ಣ.

"ಚಿಪ್ಪು ಸರಿಯಾಗೇ ಹಾರ್ತಿದೆ ಮಾವ. ಹಲಗೆಗೆ ಬಡಿದು ಚೆಂಡಿನ ಹಾಗೆ ವಾಪಸ್ ಬಂದು ಕಿಂಡಿಗೇ ಬೀಳ್ತಿದೆ. ಇದನ್ನ ಬಿಚ್ಚಿ."

ಮಾವ ಗುರುತುಗಳ ಮೇಲೆ ಬೆರಳಾಡಿಸಿ ತಲೆ ಕೆರೆದುಕೊಂಡರು. "ನೀನು ಹೇಳೋದು ಸರಿ. ಆದ್ರೆ ಅವಳು ಕೇಳಿದ್ದಕ್ಕೆ ಹಾಕಿದ್ದು, ಅವಳು ಹೇಳದೆ ಬಿಚ್ಚೋಕಾಗಲ್ಲ. ಲೇನ್‌ಗೂ ಚೀಟಿ ಎತ್ತಿ ಆಗಿದೆ, ಬದಲಾಯಿಸೋ ಹಾಗಿಲ್ಲ. ಹೋಗಿ ಕೇಳು."

ಕೇಳುವುದೇ ಕಷ್ಟ. ಬಾಚಣಿಗೆ ಬೇಕಾದರೂ ಅಕ್ಕನನ್ನು ಕೇಳದೆ, ಕಿತ್ತುಕೊಂಡೇ ಬೆಳೆದವಳು ಅವಳು. ಅಕ್ಕ ಕಾಯುವ ಕೋಣೆಯ ಬೆಂಚಿನ ಮೇಲೆ ಕೂತು ತನ್ನ ಕನ್ನಡಕ ಒರೆಸುತ್ತಿದ್ದಳು. ತಂಗಿ ಒಂದೇ ಉಸಿರಿಗೆ ಎಲ್ಲ ಹೇಳಿದಳು.

"ಹಲಗೆ ತೆಗೆದ್ರೆ ಚಿಪ್ಪು ನನ್ನ ಕುತ್ತಿಗೆಗೆ ಬರುತ್ತೆ," ಎಂದಳು ಅಕ್ಕ, ತಲೆ ಎತ್ತದೆ.

"ಬರುತ್ತೆ."

"ನಾನು ಗುರಿ ಇಟ್ಟಿರೋವಾಗಲೇ."

"ಹೂಂ. ಇಬ್ಬರೂ ಒಟ್ಟಿಗೇ ಹೊಡೀತೀವಲ್ಲ."

"ಗೊತ್ತಿದ್ದೂ ಕೇಳ್ತಿದೀಯ."

"ಕೇಳ್ತಿದೀನಿ. ಬೇಡ ಅಂದ್ರೆ ಹೀಗೇ ಹೊಡೀತೀನಿ. ಆಗಲೂ ಗೆಲ್ಲೋದು ನಾನೇ."

ಅಕ್ಕ ಕನ್ನಡಕ ಹಾಕಿಕೊಂಡು ತಂಗಿಯನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಆಮೇಲೆ ಎದ್ದು, ಮಾವನ ಕಿಸೆಯಿಂದ ಸ್ಕ್ರೂ ಡ್ರೈವರ್ ತೆಗೆದುಕೊಂಡು ಹೋಗಿ ಹಲಗೆಯನ್ನು ತಾನೇ ಬಿಚ್ಚಿದಳು. ಮಾವ ಅದನ್ನು ಹೊತ್ತೊಯ್ದು ಮೂಲೆಗೆ ಒರಗಿಸಿದರು.

ಮಧ್ಯಾಹ್ನ ಅಕ್ಕ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಬಂದು ನಿಂತಳು. ಮೊದಲ ಸುತ್ತಿಗೆ ಗಂಟೆಯಾಯಿತು. ತಂಗಿಯ ಪಿಸ್ತೂಲು ಎಲ್ಲೂ ತಡವರಿಸಲಿಲ್ಲ. ಚಿಪ್ಪುಗಳು ಒಂದರ ಹಿಂದೊಂದು ಬಲಕ್ಕೆ ಹಾರಿದವು, ಸ್ಲೈಡ್ ಪ್ರತಿ ಸಲವೂ ಪೂರ್ತಿ ಮುಚ್ಚಿಕೊಂಡಿತು. ಪಿಸ್ತೂಲುಗಳನ್ನು ಖಾಲಿ ಮಾಡಿ ಕೆಳಗಿಟ್ಟ ಮೇಲೆ ಅವಳು ಮೊದಲು ನೋಡಿದ್ದು ಅಕ್ಕನ ಗುರಿಯನ್ನು. ಐದು ತೂತುಗಳೂ ನಟ್ಟನಡುವೆ, ತಂಗಿಯವುಗಳ ಹಾಗೆಯೇ. ಅಕ್ಕನ ಕಿವಿಯ ಕೆಳಗೆ ಆಗಷ್ಟೇ ಎದ್ದ ಕೆಂಪು ಕಲೆಯಿತ್ತು. ಬಿಸಿ ತಾಗಿದಾಗಲೂ ಕೈ ಅಲುಗಿರಲಿಲ್ಲ. ಅಕ್ಕನ ಮೇಲೆ ತಂಗಿಗೆ ಇಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ. ಅವಳನ್ನು ಸೋಲಿಸಲೇಬೇಕೆಂಬ ಆಸೆಯೂ ಇಷ್ಟು ಹುಟ್ಟಿರಲಿಲ್ಲ.

ಅಕ್ಕ ಮಫ್ಲರಿನ ಮಡಿಕೆಯಿಂದ ಇನ್ನೂ ಬೆಚ್ಚಗಿದ್ದ ಚಿಪ್ಪೊಂದನ್ನು ಹೆಕ್ಕಿ, ಹಲಗೆ ಇದ್ದ ಜಾಗದಿಂದ ಕೈ ಚಾಚಿ ತಂಗಿಯ ಮೇಜಿನ ಮೇಲಿಟ್ಟಳು.

"ಪಿಸ್ತೂಲು ಸರಿಹೋಯ್ತು. ಇನ್ನು ಸೋತ್ರೆ ತಪ್ಪು ಯಾರ ಮೇಲೆ ಹಾಕ್ತೀಯೋ ನೋಡ್ತೀನಿ."